ಚಿರೆಕಲ್ಲಿಗೆ ಜಗತ್ತಿನ ಹೆಸರು ಕೊಟ್ಟ ಬುಕಾನನ್

ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗುವವರ ಕಣ್ಣಿಗೆ ಎರಡು ಬಗೆಯ ಗೋಡೆಗಳು ಬೀಳುತ್ತವೆ. ಒಂದು ಕೆಂಪು ಚಿರೆಕಲ್ಲಿನದು, ಇನ್ನೊಂದು ಬೂದು ಬಣ್ಣದ ಕಾಂಕ್ರೀಟ್ ಬ್ಲಾಕಿನದು. ತೆಂಗಿನ ತೋಟದ ಆವರಣ, ಹಳೆಯ ಮನೆಯ ಅಡಿಪಾಯ, ಬಾವಿಯ ಕಟ್ಟೆ, ಕೋಟೆಯ ಬುರುಜು ಇವೆಲ್ಲ ಮೊದಲನೆಯದಕ್ಕೆ ಸೇರಿದವು. ಹೊಸ ಅಂಗಡಿ, ಸೇತುವೆಯ ಕಂಬ, ಕಡಲ ತೀರದ ತಡೆಗೋಡೆ ಎರಡನೆಯದಕ್ಕೆ ಸೇರಿದವು. ಇಂದು ಕ್ಯಾಮೆರಾ ಹಿಡಿದು ಕರಾವಳಿಗೆ ಬರುವ ಅನೇಕರು ಸೂರ್ಯಾಸ್ತದ ಜೊತೆಗೆ ಇಂತಹ ಸಾಧಾರಣ ಕಟ್ಟಡಗಳನ್ನೂ ಚಿತ್ರೀಕರಿಸುತ್ತಾರೆ.

ಇದೇ ಹಾದಿಯಲ್ಲಿ 1801ರ ಫೆಬ್ರವರಿಯಲ್ಲಿ ಒಬ್ಬ ವೈದ್ಯನು ಸಾಗಿದ್ದನು. ಅವನ ಬಳಿ ಕ್ಯಾಮೆರಾ ಇರಲಿಲ್ಲ. ಛಾಯಾಗ್ರಹಣ ಕಲೆ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ, ಅವನು ತೀರಿಕೊಂಡ ಹತ್ತು ವರ್ಷಗಳ ಬಳಿಕ. ಕಂಡದ್ದನ್ನೆಲ್ಲ ಅವನು ದಿನಚರಿಯಲ್ಲಿ ಬರೆದಿಟ್ಟನು. ಆ ದಿನಚರಿಯ ಪುಟಗಳಿಂದಲೇ ನಮ್ಮ ಚಿರೆಕಲ್ಲು ಲ್ಯಾಟರೈಟ್ ಎಂಬ ಹೆಸರು ಪಡೆದು ಭೂವಿಜ್ಞಾನದ ಗ್ರಂಥಗಳನ್ನು ಸೇರಿತು. ಆತನೇ ಫ್ರಾನ್ಸಿಸ್ ಬುಕಾನನ್.

ವೈದ್ಯನಾಗಿ ಆರಂಭ

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನಲ್ಲಿ. ತಂದೆ ವೈದ್ಯರು. ತಾಯಿ ಹ್ಯಾಮಿಲ್ಟನ್ ಮನೆತನದವರು. ಹಿರಿಯ ಮಗನಲ್ಲದ ಕಾರಣ ಕುಟುಂಬದ ಆಸ್ತಿಯನ್ನು ನಂಬಿ ಬದುಕುವಂತಿರಲಿಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಓದಿ 1783ರಲ್ಲಿ ವೈದ್ಯಕೀಯ ಪದವಿ ಪಡೆದನು. ಅಲ್ಲಿ ಸಸ್ಯಶಾಸ್ತ್ರದ ಗುರು ಜಾನ್ ಹೋಪ್ ಅವರಿಂದ ಗಿಡಮರಗಳನ್ನು ಕ್ರಮಬದ್ಧವಾಗಿ ಗುರುತಿಸಿ ವರ್ಣಿಸುವ ವಿದ್ಯೆಯನ್ನು ಕಲಿತನು. ಮುಂದೆ ಕಲ್ಲು, ಮಣ್ಣು, ಮೀನು, ಬೆಳೆ, ಜಾತಿ, ಕಸುಬು ಎಲ್ಲವನ್ನೂ ಅವನು ನೋಡಿದ್ದು ಇದೇ ಶಿಸ್ತಿನಿಂದ.

ಕೆಲವು ವರ್ಷ ಹಡಗುಗಳಲ್ಲಿ ವೈದ್ಯನಾಗಿ ದುಡಿದ ಬುಕಾನನ್ 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಗೆ ಸೇರಿದನು. ಮರುವರ್ಷವೇ ಮೈಕೆಲ್ ಸೈಮ್ಸ್ ಮುಂದಾಳತ್ವದ ನಿಯೋಗದೊಡನೆ ಬರ್ಮಾಕ್ಕೆ ಹೋಗಿ ಬಂದನು. 1798ರಲ್ಲಿ ಸಂಬಾರ ಬೆಳೆಗಳಿಗೆ ಯೋಗ್ಯವಾದ ನೆಲವನ್ನು ಹುಡುಕಲು ಚಿತ್ತಗಾಂಗಿನ ಸುತ್ತಲಿನ ಪ್ರದೇಶಗಳಲ್ಲಿ ಸಂಚರಿಸಿದನು. ವೈದ್ಯನಿಗಿಂತ ಸಮೀಕ್ಷಕನಾಗಿಯೇ ಅವನ ಹೆಸರು ಬೆಳೆಯತೊಡಗಿತು.

ಟಿಪ್ಪುವಿನ ಪತನದ ನಂತರ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನನು ಹತನಾದನು. ಕೆನರಾ ಪ್ರಾಂತವು ಕಂಪನಿಯ ಕೈಸೇರಿತು. ಗೆದ್ದ ನಾಡಿನಲ್ಲಿ ಏನಿದೆ, ಎಷ್ಟು ಬೆಳೆಯುತ್ತದೆ, ಯಾವ ವ್ಯಾಪಾರ ನಡೆಯುತ್ತದೆ ಎಂಬುದನ್ನು ಅರಿಯುವ ಅಗತ್ಯ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಉಂಟಾಯಿತು. ಆ ಹೊಣೆಯನ್ನು 1800ರಲ್ಲಿ ಬುಕಾನನ್‌ಗೆ ವಹಿಸಲಾಯಿತು. ಕೃಷಿಯೇ ಮುಖ್ಯ ವಿಷಯ. ಅದರ ಜೊತೆಗೆ ದನಕರುಗಳು, ಹತ್ತಿ, ಮೆಣಸು, ಗಂಧ, ಏಲಕ್ಕಿ, ಗಣಿಗಳು, ಕಲ್ಲುಗಣಿಗಳು, ಕೈಗಾರಿಕೆ, ಹವೆ, ಜನಜೀವನ ಇವೆಲ್ಲವನ್ನೂ ವಿಚಾರಿಸಬೇಕಾಗಿತ್ತು.

1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಅವನು ಮೈಸೂರು ಸೀಮೆಯನ್ನು ಸುತ್ತಿ, ಮಲಬಾರಿಗೆ ಇಳಿದು, ಅಲ್ಲಿಂದ ಕರಾವಳಿಗುಂಟ ಉತ್ತರಕ್ಕೆ ಬಂದನು. ಸ್ಥಳೀಯ ಭಾಷೆ ತಿಳಿಯದ ಕಾರಣ ದುಭಾಷಿಗಳನ್ನು ನೆಚ್ಚಿಕೊಳ್ಳಬೇಕಾಯಿತು. ಅಲ್ಲಲ್ಲಿ ಊರಿನ ಹೆಸರುಗಳು ಗುರುತು ಸಿಗದಷ್ಟು ರೂಪಾಂತರಗೊಂಡಿರುವುದಕ್ಕೆ ಇದೂ ಒಂದು ಕಾರಣ. ಆದರೂ ಬೇಸಾಯಗಾರರನ್ನೂ ವರ್ತಕರನ್ನೂ ಕುಶಲಕರ್ಮಿಗಳನ್ನೂ ಕೂಡಿಸಿ ಕೇಳಿ ಬರೆಯುವ ಪದ್ಧತಿಯನ್ನು ಅವನು ಬಿಡಲಿಲ್ಲ.

ಕಲ್ಲಿಗೊಂದು ಹೆಸರು

1800ರ ಕೊನೆಯ ತಿಂಗಳಲ್ಲಿ ಮಲಬಾರಿನ ಅಂಗಡಿಪುರಂ ಬಳಿ ಅವನ ಗಮನ ಒಂದು ವಿಚಿತ್ರವಾದ ಕಲ್ಲಿನತ್ತ ಹರಿಯಿತು. ನೆಲದಲ್ಲಿದ್ದಾಗ ಅದು ಕಬ್ಬಿಣದ ಹತ್ಯಾರಿನಿಂದ ಸುಲಭವಾಗಿ ಕತ್ತರಿಸುವಷ್ಟು ಮೆತ್ತಗಿರುತ್ತದೆ. ಕತ್ತರಿಸಿ ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಮಳೆಗಾಳಿಗೂ ಜಗ್ಗುವುದಿಲ್ಲ. ಅಲ್ಲಿಯ ಜನ ಇದನ್ನು ಇಟ್ಟಿಗೆಕಲ್ಲು ಎಂಬ ಅರ್ಥದ ಮಾತಿನಿಂದ ಕರೆಯುವುದನ್ನು ಅವನು ಕೇಳಿ ಬರೆದುಕೊಂಡನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಲೇಟರ್ ಎನ್ನುತ್ತಾರೆ. ಜನರ ಮಾತಿನ ಅರ್ಥವನ್ನೇ ಲ್ಯಾಟಿನ್‌ಗೆ ತಿರುಗಿಸಿ ಲ್ಯಾಟರೈಟ್ ಎಂಬ ಪದವನ್ನು ಅವನು ರೂಪಿಸಿದನು.

ಬಿಸಿಲು ಮತ್ತು ಭಾರಿ ಮಳೆ ಎರಡೂ ಇರುವ ಪ್ರದೇಶಗಳಲ್ಲಿ ಬಂಡೆಗಳು ಸಾವಿರಾರು ವರ್ಷ ಶಿಥಿಲಗೊಳ್ಳುತ್ತವೆ. ಮಳೆನೀರು ಅವುಗಳಲ್ಲಿನ ಸಿಲಿಕಾದಂತಹ ಅಂಶಗಳನ್ನು ಕರಗಿಸಿ ಒಯ್ಯುತ್ತದೆ; ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳು ಉಳಿದುಕೊಳ್ಳುತ್ತವೆ. ಕಲ್ಲಿನ ಕೆಂಪು ಬಣ್ಣ ಕಬ್ಬಿಣದ್ದು. ಇಂದು ಆಫ್ರಿಕಾ, ಬ್ರೆಜಿಲ್, ಆಸ್ಟ್ರೇಲಿಯಾಗಳ ಇಂತಹ ಶಿಲೆಗೂ ಇದೇ ಹೆಸರು. ಅಂಗಡಿಪುರಂನಲ್ಲಿ 1979ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವನ್ನು ಸ್ಥಾಪಿಸಿತು.

ಆದರೆ ಈ ಕಲ್ಲನ್ನು ಬುಕಾನನ್ ಕಂಡುಹಿಡಿದನು ಎನ್ನುವುದು ಸರಿಯಲ್ಲ. ಅವನು ಬರುವುದಕ್ಕೆ ಎಷ್ಟೋ ಮೊದಲೇ ಕುಮಟಾ ತಾಲೂಕಿನ ಮಿರ್ಜಾನ್ ಕೋಟೆ ಇದೇ ಕಲ್ಲಿನಿಂದ ಎದ್ದು ನಿಂತಿತ್ತು. ಯಾವ ಪದರ ಕತ್ತರಿಸಲು ತಕ್ಕುದು, ಎಷ್ಟು ದಿನ ಒಣಗಿಸಬೇಕು ಎಂಬುದು ಕಲ್ಲುಕುಟಿಗರಿಗೆ ತಿಳಿದೇ ಇತ್ತು. ಅವರ ತಿಳಿವಳಿಕೆಯನ್ನು ಬರಹಕ್ಕೆ ಇಳಿಸಿದ್ದು ಬುಕಾನನ್‌ನ ಕೆಲಸ. ಹೆಸರು ಮಾತ್ರ ಅವನದಾಗಿ ಉಳಿಯಿತು, ಕಲ್ಲುಕುಟಿಗರ ಹೆಸರು ಉಳಿಯಲಿಲ್ಲ.

ಮೂರು ಊರುಗಳ ಚಿತ್ರ

ಭಟ್ಕಳವನ್ನು ಅವನು ಸುಮಾರು 500 ಮನೆಗಳ, ಕೋಟೆಯಿಲ್ಲದ ದೊಡ್ಡ ಊರೆಂದು ವರ್ಣಿಸಿದ್ದಾನೆ. ಊರಿನ ಹೆಸರಿಗೆ ದುಂಡಗಿನ ಪಟ್ಟಣವೆಂಬ ಅರ್ಥವನ್ನು ಯಾರೋ ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದಾನೆ. ಎರಡು ಮಸೀದಿಗಳು, ಅವುಗಳಿಗೆ ಕಂಪನಿಯಿಂದ ದೊರೆಯುತ್ತಿದ್ದ ವಾರ್ಷಿಕ ಮೊತ್ತ ಇವೂ ದಾಖಲಾಗಿವೆ. ಇಲ್ಲಿನ ಮುಸ್ಲಿಂ ವರ್ತಕರು ಕರಾವಳಿಯ ಬೇರೆ ಬೇರೆ ಭಾಗಗಳಿಗೆ ವ್ಯಾಪಾರಕ್ಕೆ ಹೋದರೂ ಕುಟುಂಬವನ್ನು ಭಟ್ಕಳದಲ್ಲೇ ಬಿಟ್ಟು ಹೋಗುತ್ತಾರೆ, ಇದನ್ನೇ ಮನೆಯೆಂದು ತಿಳಿಯುತ್ತಾರೆ ಎಂಬ ಅವನ ಮಾತಿನ ಸಾರವು ಗಲ್ಫ್ ದೇಶಗಳಲ್ಲಿ ದುಡಿಯುವ ಇಂದಿನ ಭಟ್ಕಳದವರ ಬದುಕಿಗೂ ಹೊಂದುತ್ತದೆ.

ಹೊನ್ನಾವರದಲ್ಲಿ ಅವನು ಕಂಡದ್ದು ಹಾಳುಬಿದ್ದ ಊರು. ಹಿಂದೆ ಅದು ದೊಡ್ಡ ವ್ಯಾಪಾರ ಕೇಂದ್ರ. ಹೈದರಾಲಿಯು ಯುದ್ಧನೌಕೆಗಳನ್ನು ಕಟ್ಟುವ ಹಡಗುಕಟ್ಟೆಯನ್ನು ಅಲ್ಲಿ ಸ್ಥಾಪಿಸಿದ್ದನು. 1784ರ ಮಂಗಳೂರು ಒಪ್ಪಂದದಂತೆ ಊರನ್ನು ಮರಳಿ ಪಡೆದ ಟಿಪ್ಪು ಅದನ್ನು ಕೆಡವಿಸಿದನೆಂದು ಬುಕಾನನ್ ಬರೆಯುತ್ತಾನೆ. ಶರಾವತಿಯ ಅಗಲವಾದ ಹಿನ್ನೀರಿನಲ್ಲಿ ಮುಳುಗಿದ್ದ ಒಂದು ಯುದ್ಧನೌಕೆಯ ಅವಶೇಷವನ್ನೂ ಅವನು ನಮೂದಿಸಿದ್ದಾನೆ. ಅದನ್ನು ಮುಳುಗಿಸಿದ್ದು ಕಂಪನಿಯದೇ ಸೇನೆ.

ಕುಮಟಾದಲ್ಲಿ ಅವನ ಗಮನ ಸೆಳೆದದ್ದು ಓಣಿಗಳು. ನೇರವಾದ ಓಣಿಗಳು, ಅವುಗಳ ಎರಡೂ ಬದಿಗೆ ಕಲ್ಲಿನ ಗೋಡೆ, ಒಳಗೆ ತೆಂಗಿನ ತೋಟ. ಟಿಪ್ಪುವಿನ ಸೇನೆ ಎರಡು ಬಾರಿ ಹತ್ತಿರದಲ್ಲಿ ಬೀಡುಬಿಟ್ಟಾಗಲೂ ಊರು ಸುಟ್ಟುಹೋಯಿತೆಂದೂ, ಬೆಂಕಿಯಿಟ್ಟವರು ಸೇನೆಯ ಜೊತೆಗಿದ್ದ ಅಂಕೆಯಿಲ್ಲದ ಪಡೆಯವರೆಂದೂ ಅವನು ದಾಖಲಿಸುತ್ತಾನೆ. ದೇಗುಲವಾಗಲಿ ಅರಮನೆಯಾಗಲಿ ಅಲ್ಲದ ಸಾಮಾನ್ಯ ಓಣಿಯ ಗೋಡೆಗೆ 200 ವರ್ಷಗಳಿಗೂ ಹಿಂದಿನ ಬರಹದಲ್ಲಿ ಸ್ಥಾನ ಸಿಕ್ಕಿರುವುದು ಅಪರೂಪದ ಸಂಗತಿ.

ಎಷ್ಟು ನಂಬಬಹುದು?

ಬುಕಾನನ್ ನಿಷ್ಪಕ್ಷಪಾತಿಯಾದ ಪ್ರವಾಸಿಯಲ್ಲ ಎಂಬುದನ್ನು ಮರೆಯುವಂತಿಲ್ಲ. ಅವನು ಗೆದ್ದವರ ನೌಕರ. ಟಿಪ್ಪು ಸತ್ತು ಎರಡು ವರ್ಷವೂ ತುಂಬಿರಲಿಲ್ಲ. ಹೊಸ ಒಡೆಯರ ಅಧಿಕಾರಿಯ ಮುಂದೆ ಹಳೆಯ ಒಡೆಯನ ಬಗ್ಗೆ ಜನ ಏನು ಹೇಳಿಯಾರು, ಕಂದಾಯದ ಭಯದಲ್ಲಿ ಬೆಳೆಯ ಲೆಕ್ಕವನ್ನು ಎಷ್ಟು ತಗ್ಗಿಸಿಯಾರು ಎಂಬುದನ್ನು ಓದುಗನು ಊಹಿಸಿಕೊಳ್ಳಬೇಕು. ಜಾತಿಗಳ ಬಗ್ಗೆ ಅವನು ನೀಡುವ ತೀರ್ಪುಗಳಲ್ಲಿ ಅವನ ಕಾಲದ ಯುರೋಪಿಯನ್ನರ ಪೂರ್ವಗ್ರಹ ಎದ್ದು ಕಾಣುತ್ತದೆ. ಆದರೆ ಗೋಡೆಯ ಕಲ್ಲು, ತೋಟದ ಬೇಲಿ, ಅಡಿಕೆಯ ಬೇಸಾಯ, ನೇಗಿಲಿನ ರೂಪ ಇಂತಹ ಕಣ್ಣಿಗೆ ಕಂಡ ವಿಷಯಗಳಲ್ಲಿ ಅವನ ಬರಹವು ಆಧಾರವಾಗಿ ನಿಲ್ಲುತ್ತದೆ. ಆ ಕಾಲದ ಕರಾವಳಿಯ ಸಾಮಾನ್ಯ ಜೀವನಕ್ಕೆ ಇಷ್ಟು ವಿವರವಾದ ಬೇರೆ ಬರಹ ಸಿಗುವುದು ಕಷ್ಟ.

ಕೈತಪ್ಪಿದ ಚಿತ್ರಗಳು

ಪ್ರವಾಸದ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅಷ್ಟರಲ್ಲಿ ಬುಕಾನನ್ 1802–03ರಲ್ಲಿ ನೇಪಾಳಕ್ಕೆ ಹೋಗಿ ಬಂದು, ವೆಲ್ಲೆಸ್ಲಿಯ ವೈದ್ಯನಾಗಿಯೂ ದುಡಿದಿದ್ದನು. 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಜಿಲ್ಲೆಗಳನ್ನು ಸಮೀಕ್ಷಿಸಿದನು. ಬಳಿಕ ಅಲ್ಪಕಾಲ ಕಲ್ಕತ್ತೆಯ ಸಸ್ಯೋದ್ಯಾನದ ಹೊಣೆ ಹೊತ್ತನು.

1815ರಲ್ಲಿ ಸ್ವದೇಶಕ್ಕೆ ಹೊರಟಾಗ ಅವನಿಗೊಂದು ಪೆಟ್ಟು ಕಾದಿತ್ತು. ಭಾರತೀಯ ಕಲಾವಿದರಿಂದ ಬರೆಸಿದ್ದ ಪ್ರಾಣಿ, ಸಸ್ಯಗಳ ಚಿತ್ರಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಕಂಪನಿಗಾಗಿ ಇಪ್ಪತ್ತು ವರ್ಷ ದಾಖಲೆ ಸಂಗ್ರಹಿಸಿದವನು ತನ್ನ ಸಂಗ್ರಹದ ಮೇಲೆ ತನಗೇ ಹಕ್ಕಿಲ್ಲವೆಂಬುದನ್ನು ಕಂಡನು. ಆದರೂ 1822ರಲ್ಲಿ ಗಂಗಾ ನದಿಯ ಮೀನುಗಳ ಕುರಿತ ಮಹತ್ವದ ಗ್ರಂಥ ಹೊರಬಂದಿತು. ಇಂದು ಮಾರುಕಟ್ಟೆಯಲ್ಲಿ ಸಿಗುವ ರೋಹು, ಕಾಟ್ಲಾ ಮೀನುಗಳ ವೈಜ್ಞಾನಿಕ ಹೆಸರಿನ ಜೊತೆಗಿರುವ ಹ್ಯಾಮಿಲ್ಟನ್ ಈತನೇ. ತಾಯಿಯ ಕಡೆಯ ಆಸ್ತಿ ಬಂದ ಬಳಿಕ ಆ ಹೆಸರನ್ನು ಅವನು ಧರಿಸಿದ್ದನು. 1829ರ ಜೂನ್ 15ರಂದು ಸ್ಕಾಟ್ಲೆಂಡಿನಲ್ಲಿ ನಿಧನನಾದನು. ಬಂಗಾಳ, ಬಿಹಾರಗಳ ಸಮೀಕ್ಷೆಯನ್ನು 1838ರಲ್ಲಿ ಮಾಂಟ್‌ಗೊಮೆರಿ ಮಾರ್ಟಿನ್ ಪ್ರಕಟಿಸಿದಾಗ ಮುಖಪುಟದಲ್ಲಿ ಬುಕಾನನ್‌ನ ಹೆಸರೇ ಇರಲಿಲ್ಲ. ಕಲ್ಲುಕುಟಿಗರಿಗೆ ಆದದ್ದು ಕೊನೆಗೆ ಅವನಿಗೂ ಆಯಿತು.

ಇಂದಿಗೆ ಏನು?

ಬುಕಾನನ್ ಕಂಡ ಕರಾವಳಿ ಈಗಿಲ್ಲ. 1998ರ ಜನವರಿಯಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಕೊಂಕಣ ರೈಲುಮಾರ್ಗವು ಈ ಮೂರೂ ಊರುಗಳನ್ನು ಜೋಡಿಸಿದೆ. ಹೊನ್ನಾವರದ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ರೈಲು ಸೇತುವೆ ನಿಂತಿದೆ. ಚಿರೆಕಲ್ಲಿನ ಮನೆಗಳ ಪಕ್ಕದಲ್ಲಿ ಸಿಮೆಂಟ್ ಬ್ಲಾಕಿನ ಮನೆಗಳು ಏಳುತ್ತಿವೆ. ಇವೂ ಒಂದು ದಿನ ಹಳತಾಗುವವು.

ಈ ಗೋಡೆಗಳನ್ನು ಚಿತ್ರೀಕರಿಸುವವರಿಗೆ ಬುಕಾನನ್‌ನ ಜೀವನದಿಂದ ಕಲಿಯಲು ಎರಡು ವಿಷಯಗಳಿವೆ. ಕಟ್ಟಡದ ಜೊತೆಗೆ ಅದು ಯಾವುದರಿಂದ, ಹೇಗೆ ಕಟ್ಟಲ್ಪಟ್ಟಿತು ಎಂಬುದನ್ನೂ ಬರೆದಿಡುವುದು ಅವನು ತೋರಿದ ದಾರಿ. ಅದನ್ನು ಕಟ್ಟಿದವರು ಯಾರು ಎಂಬುದನ್ನು ಬರೆದಿಡುವುದು ಅವನು ಬಿಟ್ಟುಹೋದ ಕೆಲಸ. ಕುಮಟಾದ ಓಣಿಗಳ ಗೋಡೆಯನ್ನು ಕಟ್ಟಿದವರ ಹೆಸರು ಇನ್ನು ತಿಳಿಯಲಾರದು. ಇಂದಿನ ಗೋಡೆಗಳ ವಿಷಯದಲ್ಲಿ ಆ ಅವಕಾಶ ನಮ್ಮ ಕೈಯಲ್ಲಿದೆ.