ಎಡಮಗ್ಗುಲನ್ನೇ ಬಲವಾಗಿಸಿಕೊಂಡ ಡಾನ್ ಬಡ್ಜ್

ಬಲಗೈ ಆಟಗಾರನ ಎಡಮಗ್ಗುಲಿಗೆ ಚೆಂಡು ಬಂದಾಗ, ಆತನು ತೋಳನ್ನು ಮೈಗೆ ಅಡ್ಡಲಾಗಿ ತಂದು ಹೊಡೆಯಬೇಕಾಗುತ್ತದೆ. ಬ್ಯಾಕ್‌ಹ್ಯಾಂಡ್ ಎಂಬ ಈ ಹೊಡೆತವು ಬಹುಮಂದಿಯ ದುರ್ಬಲ ಸ್ಥಾನ. ಎದುರಾಳಿಯ ಗುರಿಯೂ ಅದೇ. ಈ ರೂಢಿಯನ್ನು ತಲೆಕೆಳಗು ಮಾಡಿದವರು ಅಮೆರಿಕದ ಡಾನ್ ಬಡ್ಜ್‌ರವರು. ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ಟೆನಿಸ್ ಕಲಿಯುತ್ತಿರುವ ನಮ್ಮ ಕನ್ನಡ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಉಪಯುಕ್ತವಾದೀತೆಂದು ಆ ಮಹನೀಯರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಕೊಡುತ್ತಿದ್ದೇವೆ.

ಬಡ್ಜ್‌ರವರು 1915ರ ಜೂನ್ 13ರಂದು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಜನಿಸಿದರು. ತಂದೆಯವರು ಸ್ಕಾಟ್ಲೆಂಡಿನಿಂದ ವಲಸೆ ಬಂದವರು, ಫುಟ್ಬಾಲ್ ಆಡಿದವರು. ಬಾಲಕ ಬಡ್ಜ್‌ರವರಿಗೆ ಬೇಸ್‌ಬಾಲ್ ಆಟದ ಮೇಲೆಯೇ ಹೆಚ್ಚು ಒಲವು. ಅಣ್ಣ ಲಾಯ್ಡ್‌ರವರ ಒತ್ತಾಯದಿಂದ ಟೆನಿಸ್‌ಗೆ ಬಂದರು. ಬಲಗೈಯವರಾದರೂ ಬೇಸ್‌ಬಾಲ್‌ನಲ್ಲಿ ಅವರು ಎಡಗೈ ಬ್ಯಾಟುಗಾರರಂತೆ ನಿಂತು ಹೊಡೆಯುತ್ತಿದ್ದರು. ಕ್ರಿಕೆಟ್ಟಿನಲ್ಲಿ ಬಲಗೈಯಿಂದ ಬೌಲ್ ಮಾಡಿ ಎಡಗೈಯಲ್ಲಿ ಬ್ಯಾಟ್ ಮಾಡುವವರನ್ನು ನಾವೂ ಕಂಡಿದ್ದೇವೆ. ಹಾಗೆ ನಿಂತಾಗ ಬಲ ಭುಜ ಮುಂದಿರುತ್ತದೆ. ಬ್ಯಾಕ್‌ಹ್ಯಾಂಡಿಗೆ ಬೇಕಾದ ನಿಲುವೂ ಅದೇ. ಹೀಗೆ ಅವರ ಬ್ಯಾಕ್‌ಹ್ಯಾಂಡ್ ತಾನಾಗಿಯೇ ಬೆಳೆಯಿತು.

ದುರ್ಬಲವಾಗಿದ್ದುದು ಬಲಮಗ್ಗುಲ ಫೋರ್‌ಹ್ಯಾಂಡ್. ಬಡ್ಜ್‌ರವರು ಅದನ್ನು ಮುಚ್ಚಿಡಲಿಲ್ಲ. ತರಬೇತುದಾರ ಟಾಮ್ ಸ್ಟೋ ಅವರಲ್ಲಿಗೆ ಹೋಗಿ ರ‍್ಯಾಕೆಟ್ ಹಿಡಿಯುವ ರೀತಿಯನ್ನೇ ಬದಲಿಸಿದರು. ಚೆಂಡು ಪುಟಿದು ಏರುತ್ತಿರುವಾಗಲೇ ಹೊಡೆಯುವುದನ್ನೂ ರೂಢಿಸಿಕೊಂಡರು.

1937ರ ಜುಲೈನಲ್ಲಿ ವಿಂಬಲ್ಡನ್ನಿನ ಅಂಗಳದಲ್ಲಿ ಡೇವಿಸ್ ಕಪ್ ಪಂದ್ಯ. ಅಮೆರಿಕ, ಜರ್ಮನಿಗಳು ತಲಾ ಎರಡು ಗೆದ್ದಿದ್ದವು. ನಿರ್ಣಾಯಕ ಪಂದ್ಯದಲ್ಲಿ ಗಾಟ್‌ಫ್ರೀಡ್ ಫಾನ್ ಕ್ರಾಮ್‌ರವರು ಮೊದಲ ಎರಡು ಸೆಟ್‌ಗಳನ್ನು ಗೆದ್ದರು. ಐದನೆಯದರಲ್ಲಿ 4–1ರ ಮುನ್ನಡೆಯನ್ನೂ ಪಡೆದರು. ಆಗ ಬಡ್ಜ್‌ರವರು ಹಿಂಜರಿಯದೆ, ಎದುರಾಳಿಯ ಸರ್ವೀಸಿಗೆ ಮುನ್ನುಗ್ಗಿ ಹೊಡೆದು ನೆಟ್ಟಿನತ್ತ ಸಾಗತೊಡಗಿದರು, 8–6ರಿಂದ ಗೆದ್ದರು. 1927ರಲ್ಲಿ ಕೈಬಿಟ್ಟಿದ್ದ ಕಪ್ಪು ಅದೇ ವರ್ಷ ಅಮೆರಿಕಕ್ಕೆ ಮರಳಿತು.

1938ರಲ್ಲಿ ಆಸ್ಟ್ರೇಲಿಯ, ಫ್ರಾನ್ಸ್, ವಿಂಬಲ್ಡನ್, ಅಮೆರಿಕ ಈ ನಾಲ್ಕೂ ಪ್ರಶಸ್ತಿಗಳನ್ನು ಒಂದೇ ವರ್ಷದಲ್ಲಿ ಗಳಿಸಿದ ಮೊದಲಿಗರಾದರು. ಅದೇ ವರ್ಷ ಕ್ರಾಮ್‌ರವರನ್ನು ನಾಜಿ ಸರ್ಕಾರ ಸೆರೆಗೆ ಹಾಕಿದಾಗ, ಇತರ ಕ್ರೀಡಾಪಟುಗಳ ಸಹಿ ಸಂಗ್ರಹಿಸಿ ಪ್ರತಿಭಟನಾ ಪತ್ರ ಕಳುಹಿಸಿದವರೂ ಬಡ್ಜ್‌ರವರೇ. ಅಂಗಳದ ಎದುರಾಳಿ ಅವರಿಗೆ ವೈರಿಯಾಗಿರಲಿಲ್ಲ. 1938ರಲ್ಲೇ ವೃತ್ತಿ ಆಟಗಾರರಾದರು. ಯುದ್ಧಕಾಲದ ಸೈನಿಕ ತರಬೇತಿಯಲ್ಲಿ ಭುಜಕ್ಕಾದ ಪೆಟ್ಟು ಆಟವನ್ನು ಕುಂದಿಸಿತು. ಮೋಟಾರು ಅಪಘಾತದಲ್ಲಿ ಗಾಯಗೊಂಡು 2000ದ ಜನವರಿ 26ರಂದು ನಿಧನರಾದರು.

ಬ್ಯಾಕ್‌ಹ್ಯಾಂಡ್ ಬಲವಾಗಿರುವ ಮಕ್ಕಳು ಇದರಿಂದ ತಿಳಿಯಬೇಕಾದುದೇನು? ತುಸು ಬಲಕ್ಕೆ ಸರಿದು ನಿಂತು ಎಡಮಗ್ಗುಲನ್ನು ತೆರೆದಿಡಬೇಕು. ರೂಢಿಬಲದಿಂದ ಎದುರಾಳಿ ಅಲ್ಲಿಗೇ ಹೊಡೆಯುವನು. ಆ ಚೆಂಡನ್ನು ಅಡ್ಡಲಾಗಿ ಹಿಂದಿರುಗಿಸಿದರೆ ಅದು ಬಲಗೈ ಎದುರಾಳಿಯ ಬ್ಯಾಕ್‌ಹ್ಯಾಂಡಿಗೇ ಹೋಗಿ ಬೀಳುತ್ತದೆ. ಆತನು ಮೂಲೆಗೆ ಸರಿದೊಡನೆ ಗೆರೆಯುದ್ದಕ್ಕೆ ನೇರವಾಗಿ ಹೊಡೆದು ಮುಂದೆ ಸಾಗಬಹುದು. ಆದರೆ ಫೋರ್‌ಹ್ಯಾಂಡಿನ ಕೊರತೆಯನ್ನು ಬಡ್ಜ್‌ರವರಂತೆ ತಿದ್ದಿಕೊಳ್ಳದಿದ್ದರೆ ಈ ಉಪಾಯ ಬಹುಕಾಲ ನಡೆಯದು.

ಮಗು ಎಲ್ಲರಂತೆ ಆಡುತ್ತಿಲ್ಲವೆಂದು ಗದರಿಸುವ ಮುನ್ನ, ಅದರ ಬಲ ಯಾವ ಮಗ್ಗುಲಿನಲ್ಲಿದೆಯೆಂದು ಹಿರಿಯರು ನೋಡಬೇಕೆಂದು ನಮ್ಮ ವಿನಂತಿ.