ಲೆಕ್ಕ ಕೇಳಿದ ಹಿರಿಯರು: ಡಾ. ಶಿವರಾಮ ಕಾರಂತ

ಎಂಟನೇ ತರಗತಿಯಲ್ಲಿದ್ದಾಗ ಭಾಷಣ ಸ್ಪರ್ಧೆಗೆಂದು ನಮ್ಮ ಕನ್ನಡ ಗುರುಗಳು ನನಗೆ ಶಿವರಾಮ ಕಾರಂತರ ವಿಷಯ ಕೊಟ್ಟರು. ಕಾರಂತ ಎಂದರೆ ನಮ್ಮ ಭಾಲ್ಕಿ ತಾಲೂಕಿನ ಕಾರಂಜಾ ಕಡೆಯವರೇ ಇರಬೇಕೆಂದು ನಾನು ತಿಳಿದಿದ್ದೆ. ಗುರುಗಳು ನಕ್ಕು, ಅವರು ಉಡುಪಿ ಕಡೆಯ ಕೋಟದವರಪ್ಪಾ ಎಂದು ತಿದ್ದಿದರು. ಬಾಯಿಪಾಠ ಮಾಡಿ ಹೇಳಿ ಬಂದೆ. ಆದರೆ ಒಂದು ಮಾತು ಮನಸ್ಸಿಗೆ ಒಗ್ಗಲಿಲ್ಲ. ಸಂಜೆಯಾದರೆ ಕರೆಂಟ್ ಹೋಗಿ ಕಂದೀಲಿನ ಬೆಳಕಿನಲ್ಲಿ ಓದುತ್ತಿದ್ದವರು ನಾವು. ಕೈಗಾದಲ್ಲಿ ವಿದ್ಯುತ್ ಸ್ಥಾವರವೇ ಬೇಡ ಎಂದವರು ದೊಡ್ಡವರು ಹೇಗಾದಾರು?

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು. ಗಾಂಧೀಜಿಯವರ ಅಸಹಕಾರ ಚಳವಳಿಗೆ ಓಗೊಟ್ಟು ಕಾಲೇಜು ಬಿಟ್ಟರು. ಪುತ್ತೂರಿನಲ್ಲಿ ನೆಲೆಸಿ ಬಾಲವನ ಕಟ್ಟಿದರು, ಮಕ್ಕಳಿಗಾಗಿ ಬಾಲಪ್ರಪಂಚ ಬರೆದರು. ಕಾದಂಬರಿ, ಯಕ್ಷಗಾನ, 1977ರ ಜ್ಞಾನಪೀಠ ಎಲ್ಲರಿಗೂ ಗೊತ್ತಿರುವವೇ. ತುರ್ತುಪರಿಸ್ಥಿತಿ ಬಂದಾಗ ಪದ್ಮಭೂಷಣ ಮರಳಿಸಿದರು.

ಉಳಿದವರು ಮನೆಯಲ್ಲಿ ಕೂರುವ ವಯಸ್ಸಿನಲ್ಲಿ ಅವರು ಕಾಡಿನ ಪರವಾಗಿ ಬೀದಿಗಿಳಿದರು. ಉತ್ತರ ಕನ್ನಡದ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು ವಿರೋಧಿಸಿದರು. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳು, ಅರ್ಥಶಾಸ್ತ್ರ ಬಲ್ಲವರು, ಅಡಿಕೆ ಬೆಳೆಗಾರರು ಒಟ್ಟಿಗೆ ಕೂತು, ಮುಳುಗುವ ಕಾಡು ಮತ್ತು ತೋಟದ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿದರು. ಯೋಜನೆ ನಿಂತಿತು. ಎಂಜಿನಿಯರ್ ಆಗಿ ನನಗೆ ತುಂಬ ಹಿಡಿಸಿದ ಘಟನೆ ಇದು. ಅಲ್ಲಿ ಗೆದ್ದದ್ದು ಘೋಷಣೆಯಲ್ಲ, ಲೆಕ್ಕ.

ಆಮೇಲೆ ನೀಲಗಿರಿ ಪ್ರಕರಣ. ನಮ್ಮ ಕಡೆ ಗಾಯರಾಣ ಎನ್ನುತ್ತೇವಲ್ಲ, ಹಾಗೆ ದನ ಮೇಯುವ, ಬಡವರು ಕಟ್ಟಿಗೆ ತರುವ ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯಲ್ಲಿ ಕಾರ್ಖಾನೆಗಾಗಿ ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಹುಟ್ಟಿತ್ತು. ಧಾರವಾಡದ ಸಮಾಜ ಪರಿವರ್ತನ ಸಮುದಾಯದೊಂದಿಗೆ ಸೇರಿ ಕಾರಂತರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1987ರಲ್ಲಿ ತಡೆಯಾಜ್ಞೆ ಸಿಕ್ಕಿತು. ಅದೇ ವರ್ಷ ಕುಸನೂರಿನಲ್ಲಿ ಹಳ್ಳಿಯ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ಹಚ್ಚಿದರು. 1991ರಲ್ಲಿ ಕಂಪನಿಯೇ ಮುಚ್ಚಿತು.

ಕೈಗಾದಲ್ಲಿ ಮಾತ್ರ ಗೆಲುವು ಸಿಗಲಿಲ್ಲ. ಕಾಳಿ ನದಿಯ ದಂಡೆಯ ಕಾಡಿನಲ್ಲಿ ಅಣುಸ್ಥಾವರ ಏಳುವುದನ್ನು ತಡೆಯಲು 1989ರಲ್ಲಿ, 87ನೇ ವಯಸ್ಸಿನಲ್ಲಿ, ಅವರು ಕೆನರಾ ಕ್ಷೇತ್ರದಿಂದ ಲೋಕಸಭೆಗೆ ನಿಂತು ಸೋತರು. 1994ರಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಭಾಗ ಕುಸಿಯಿತು. ಆದರೂ ಕೆಲಸ ಮುಂದುವರಿಯಿತು. 1997ರಲ್ಲಿ ಕಾರಂತರು ತೀರಿಕೊಂಡರು.

ಅಣುವಿದ್ಯುತ್ತಿನ ಬಗ್ಗೆ ಅವರ ನಿಲುವನ್ನು ನಾನು ಇಂದಿಗೂ ಪೂರ್ತಿ ಒಪ್ಪಿಲ್ಲ. ಕಂಪ್ಯೂಟರ್ ಮುಂದೆ ಕೂತು ಅನ್ನ ತಿನ್ನುವವನು ನಾನು. ಆದರೆ ಕಾರಂಜಾ ಹಿನ್ನೀರಿನಲ್ಲಿ ಹೊಲ ಕಳೆದುಕೊಂಡ ರೈತರು ಪರಿಹಾರಕ್ಕಾಗಿ ಬೀದರಿನಲ್ಲಿ ಧರಣಿ ಕೂತದ್ದನ್ನು ಓದಿದಾಗ, ಕಾರಂತರು ಕೇಳುತ್ತಿದ್ದುದು ಈ ಲೆಕ್ಕವನ್ನೇ ಎಂದು ತಿಳಿಯಿತು. ಕಾರಂತ ಎಂದರೆ ಕಾರಂಜಾದವರು ಎಂದು ನಾನು ತಪ್ಪಾಗಿ ತಿಳಿದಿದ್ದು ಅಷ್ಟೇನೂ ತಪ್ಪಲ್ಲ ಅನಿಸಿತು.

ನಾನು ಆ ಭಾಷಣ ಮಾಡುವ ಹೊತ್ತಿಗೆ ಕೈಗಾದ ವಿದ್ಯುತ್ ತಂತಿಯಲ್ಲಿ ಹರಿಯಲು ಶುರುವಾಗಿ ಒಂದೆರಡು ವರ್ಷವಾಗಿತ್ತು. ನಮ್ಮ ಮನೆಯ ಕಂದೀಲು ಇನ್ನೂ ಗೂಟದಲ್ಲೇ ತೂಗುತ್ತಿತ್ತು.