ವಿದ್ಯಾದಾನವ್ರತಿ ಸಾವಿತ್ರೀಬಾಯಿ ಫುಲೆ

ಅನ್ನದಾನವು ಆ ಹೊತ್ತಿನ ಹಸಿವನ್ನು ಹಿಂಗಿಸುವುದು. ವಿದ್ಯಾದಾನವಾದರೋ ಕೊಟ್ಟವರು ಅಳಿದ ಬಳಿಕವೂ ಪಡೆದವರಲ್ಲಿ ಬೆಳೆಯುತ್ತಲೇ ಇರುವುದು. ಮಹಾರಾಷ್ಟ್ರದ ಸಾಧ್ವೀಮಣಿ ಸಾವಿತ್ರೀಬಾಯಿ ಫುಲೆಯವರ ಚರಿತವು ಇದಕ್ಕೆ ನಿದರ್ಶನವಾಗಿದೆ.

ಈಕೆಯು 1831ನೆಯ ಇಸವಿ ಜನವರಿ 3ನೆಯ ದಿನ ಸಾತಾರಾ ಸೀಮೆಯ ನಾಯಗಾಂವದಲ್ಲಿ ಮಾಳಿ ಕುಲದಲ್ಲಿ ಜನಿಸಿದರು. 1840ರಲ್ಲಿ, ಒಂಬತ್ತು ವರ್ಷದ ಬಾಲಿಕೆಯಾಗಿದ್ದಾಗಲೇ, ಪುಣೆಯ ಜೋತಿರಾವ ಫುಲೆಯವರೊಡನೆ ವಿವಾಹವಾಯಿತು. ಅಕ್ಷರವನ್ನರಿಯದೆ ಬಂದ ಆಕೆಗೆ ಪತಿಯೇ ಪ್ರಥಮ ಗುರುವಾದರು. ತರುವಾಯ ಬೋಧನಕ್ರಮವನ್ನೂ ಅಭ್ಯಸಿಸಿ ಶಿಕ್ಷಕಿಯ ಯೋಗ್ಯತೆಯನ್ನು ಸಂಪಾದಿಸಿದರು.

1848ರಲ್ಲಿ ಈ ದಂಪತಿಗಳು ಪುಣೆಯ ಭಿಡೆಯವರ ವಾಡೆಯಲ್ಲಿ ಕನ್ಯಾಶಾಲೆಯೊಂದನ್ನು ತೆರೆದರು. ಅದು ಸರಕಾರದ ಶಾಲೆಯೂ ಅಲ್ಲ, ಮಿಶನರಿಗಳದೂ ಅಲ್ಲ. ಸ್ವಂತ ಕಟ್ಟಡವಿಲ್ಲ, ಬಂದ ಬಾಲಿಕೆಯರು ಬೆರಳಿನಿಂದೆಣಿಸುವಷ್ಟು. ಹೆಣ್ಣು ಓದಿದರೆ ಕುಲಕ್ಕೆ ಕೇಡೆಂದು ನಂಬಿದ್ದ ಜನರು ಶಾಲೆಗೆ ನಡೆದು ಹೋಗುವ ಶಿಕ್ಷಕಿಯ ಮೇಲೆ ಕೆಸರು, ಸೆಗಣಿ, ಕಲ್ಲುಗಳನ್ನೆಸೆದರು. ಆಕೆ ಇನ್ನೊಂದು ಸೀರೆಯನ್ನು ಜೊತೆಗೊಯ್ದು, ಮಲಿನವಾದುದನ್ನು ಶಾಲೆಯಲ್ಲಿ ಬದಲಿಸಿ ಪಾಠಕ್ಕೆ ಕೂಡುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ಜನಾಪವಾದಕ್ಕಂಜಿದ ಮಾವ ಗೋವಿಂದರಾಯರು 1849ರಲ್ಲಿ, ಶಾಲೆಯನ್ನಾದರೂ ಬಿಡಿರಿ, ಮನೆಯನ್ನಾದರೂ ಬಿಡಿರಿ ಎಂದು ಕಟ್ಟುಮಾಡಿದರು. ದಂಪತಿಗಳು ಮನೆಯನ್ನೇ ಬಿಟ್ಟರು.

ಇಷ್ಟಾದರೂ ಕಾರ್ಯವು ಅಳಿಯಲಿಲ್ಲ. 1851ರಲ್ಲಿ ಚಿಪಳೂಣಕರರ ವಾಡೆಯಲ್ಲಿ ಮತ್ತೊಂದು ಕನ್ಯಾಶಾಲೆಯು ನಡೆಯತೊಡಗಿತು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಮಹಾರ, ಮಾಂಗ ಮಕ್ಕಳಿಗಾಗಿಯೂ ಶಾಲೆಗಳಾದವು. ಫಾತಿಮಾ ಶೇಖ ಎಂಬ ಮಹಿಳೆಯು ಈ ಕಾರ್ಯದಲ್ಲಿ ಸಾವಿತ್ರೀಬಾಯಿಯವರಿಗೆ ಸಹಾಯಕಳಾಗಿದ್ದಳು. 1852ರ ನವೆಂಬರ 16ರಂದು ವಿಶ್ರಾಮಬಾಗ ವಾಡೆಯಲ್ಲಿ ಸರಕಾರದವರು ಜೋತಿರಾಯರಿಗೆ ಶಾಲು ಹೊದಿಸಿ ಸನ್ಮಾನಿಸಿದರು.

ಆದರೆ ಶಾಲೆಗೆ ನಿಜವಾದ ಸನ್ಮಾನವು ಶಿಷ್ಯೆಯೊಬ್ಬಳಿಂದ ಬಂದಿತು. ಮಾಂಗ ಕುಲದ ಮುಕ್ತಾ ಸಾಳವೆಯೆಂಬ ಬಾಲಿಕೆಯು ಮಹಾರ, ಮಾಂಗ ಜನರ ದುಃಖವನ್ನು ಕುರಿತು ಬರೆದ ನಿಬಂಧವು 1855ರಲ್ಲಿ ಜ್ಞಾನೋದಯ ಪತ್ರಿಕೆಯಲ್ಲಿ ಅಚ್ಚಾಯಿತು. ವೇದಗಳನ್ನು ಕೇಳುವ ಅಧಿಕಾರವೇ ತಮಗಿಲ್ಲವಾದರೆ ತಮ್ಮ ಧರ್ಮವು ಯಾವುದೆಂದು ಆಕೆ ದೇವರನ್ನೇ ಪ್ರಶ್ನಿಸಿದಳು. ಮಳೆ ಚಳಿಗಳಲ್ಲಿ ಮೇಲೊಂದು ಸೂರಿಲ್ಲದೆ ಹೆರುವ ತಾಯಂದಿರ ಸಂಕಟವನ್ನು ವರ್ಣಿಸಿದಳು. ವಿದ್ಯೆಯೆಂಬ ಔಷಧವನ್ನು ಸೇವಿಸಿರೆಂದು ತನ್ನವರಿಗೆ ಬೋಧಿಸಿದಳು. ತಲೆಮಾರುಗಳಿಂದ ಮೂಕವಾಗಿದ್ದ ಕುಲಕ್ಕೆ ಮೂರು ವರ್ಷಗಳ ಓದು ಮಾತನ್ನು ಕೊಟ್ಟಿತು.

1857ರ ದಂಗೆಯ ತರುವಾಯ ದಾನದ್ರವ್ಯವು ಬತ್ತಿ ಶಾಲೆಗಳು ಸೊರಗಿದವು. ಸಾವಿತ್ರೀಬಾಯಿಯವರ ಸೇವೆಯು ಸೊರಗಲಿಲ್ಲ. 1863ರಲ್ಲಿ ಅನಾಥ ವಿಧವೆಯರ ಪ್ರಸೂತಿಗಾಗಿ ಮನೆಯಲ್ಲಿಯೇ ಆಶ್ರಯವನ್ನು ಕಲ್ಪಿಸಿದರು. ಅಲ್ಲಿ ಜನಿಸಿದ ಯಶವಂತನನ್ನು ದತ್ತುಪುತ್ರನನ್ನಾಗಿ ಸ್ವೀಕರಿಸಿ ವೈದ್ಯನಾಗುವವರೆಗೆ ಓದಿಸಿದರು. 1890ರಲ್ಲಿ ಪತಿಯು ದಿವಂಗತರಾಗಲು, ಸ್ತ್ರೀಯರಿಗೆ ಸಲ್ಲದೆನ್ನುವ ಅಗ್ನಿಪಾತ್ರೆಯನ್ನು ತಾವೇ ಹಿಡಿದು ಮುಂದೆ ನಡೆದರು. 1897ರಲ್ಲಿ ಪುಣೆಗೆ ಪ್ಲೇಗು ಬಂದಾಗ, ರೋಗಪೀಡಿತನಾದ ಬಾಲಕನೊಬ್ಬನನ್ನು ಹೊತ್ತು ಯಶವಂತನ ಚಿಕಿತ್ಸಾಲಯಕ್ಕೆ ತಂದರು. ಬಾಲಕನು ಬದುಕಿದನು, ಅದೇ ರೋಗವು ಸೋಂಕಿ ಮಾರ್ಚ 10ರಂದು ತಾಯಿಯವರು ದೇಹವನ್ನಿಳಿಸಿದರು.

ಭಿಡೆಯವರ ವಾಡೆಯ ಶಾಲೆಯು ಬಹುಕಾಲ ನಿಲ್ಲಲಿಲ್ಲ. ಆದರೆ ಅಲ್ಲಿ ಆರಂಭವಾದ ವ್ರತದಿಂದ ಅಕ್ಷರವನ್ನು ಪಡೆದ ಮುಕ್ತೆಯ ಪ್ರಶ್ನೆಯು ಇಂದಿಗೂ ಉತ್ತರವನ್ನು ಬೇಡುತ್ತ ನಿಂತಿದೆ. ಪಾಠಶಾಲೆಯ ಹಿರಿಮೆಯನ್ನು ಅದರ ಗೋಡೆಗಳಿಂದ ಅಳೆಯಲಾಗದು. ಅದರ ಬಾಗಿಲನ್ನು ದಾಟಿ ಹೋದ ಮಕ್ಕಳ ಬಾಳಿನಿಂದಲೇ ಅದನ್ನರಿಯಬೇಕು.